ಜೈಲಿಗೆ ಹೋಗುತ್ತಿದ್ದ ನಮ್ಮ ನಾಯಿ

ಮನುಷ್ಯನ ಮನಸ್ಸಿನ ಆಳವನ್ನು ಪೂರ್ತಿ ಅಳೆದವರು ಲೋಕದಲ್ಲಿ ಯಾರೂ ಇಲ್ಲ. ನಮ್ಮ ನಾಯಿ ಆ ಪ್ರಯತ್ನಕ್ಕೇ ಹೋಗುತ್ತಿರಲಿಲ್ಲ. ಕಾಲು ಮೂಸಿ ಪಕ್ಕದಲ್ಲಿ ಕೂಡುತ್ತಿತ್ತು.

ರೋಣ, ಗಜೇಂದ್ರಗಡ, ನರಗುಂದದ ದನದ ದವಾಖಾನೆಗಳಲ್ಲಿ ಡಾಕ್ಟರನಾಗಿ ಸೇವೆ ಮುಗಿಸಿ ನಿವೃತ್ತನಾದ ಮೇಲೆ ನಾನು ಕೈಗೊಂಡ ಏಕೈಕ ಲೋಕಕಲ್ಯಾಣವೆಂದರೆ, ಜಾತಿ ತಿಳಿಯದ ಈ ಕಂದು ನಾಯಿಯನ್ನು ಮಂಗಳವಾರಕ್ಕೊಮ್ಮೆ ಜೈಲಿಗೆ ಕರೆದೊಯ್ಯುವುದು. ಕೈದಿಗಳ ಮನಸ್ಸು ಹಗುರಾಗಲೆಂದು ಅಲ್ಲಿಗೆ ಬರುತ್ತಿದ್ದ ಮನೋವೈದ್ಯೆ ಮಾಡಿದ ಏರ್ಪಾಡು ಅದು. ಭೇಟಿಯವರ ಪುಸ್ತಕದಲ್ಲಿ ನಾಯಿಗೂ ಒಂದು ಸಾಲು ಇರುತ್ತಿತ್ತು. ‘ಕೈದಿಗೆ ಏನಾಗಬೇಕು’ ಎಂಬಲ್ಲಿ ಜೈಲರ್ ಸಾಹೇಬರು ಬಹಳ ವಿಚಾರ ಮಾಡಿ ‘ಪರಿಚಯಸ್ಥರು’ ಎಂದು ಬರೆಯುತ್ತಿದ್ದರು.

ಶಿಸ್ತು ಕಲಿಸಿದವನು ನಾನೇ. ಬೊಗಳಬಾರದು, ಮೈಮೇಲೆ ಜಿಗಿಯಬಾರದು, ನಾನು ‘ಹೂಂ’ ಅನ್ನದೆ ಯಾರ ಕೈಯಿಂದಲೂ ತಿನ್ನಬಾರದು. ಕೊನೆಯದರ ಬಗ್ಗೆ ನನಗೆ ವಿಶೇಷ ಅಭಿಮಾನ.

ಒಂದು ಮಂಗಳವಾರ ಹೋದಾಗ ಅಸೂಟಿ ಕಡೆಯ ರೈತನೊಬ್ಬ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ಬದುವಿನ ಜಗಳದಲ್ಲಿ ಅಣ್ಣನ ಕೈ ಮುರಿದು ಒಳಗೆ ಬಂದವನು. ಹೊಡೆದ ಕೈಯಿಂದ ಹೇಗೆ ಉಣ್ಣಲಿ ಎಂದು ಒಮ್ಮೆ ಅಂದವನು ಆಮೇಲೆ ಮಾತನ್ನೂ ಬಿಟ್ಟಿದ್ದ. ಸಂಜೆಯೊಳಗೆ ಉಣ್ಣದಿದ್ದರೆ ದವಾಖಾನೆಗೆ ಒಯ್ದು ಸಲಾಯಿನ್ ಹಚ್ಚುವುದೇ ಸರಿ ಎಂದು ಮನೋವೈದ್ಯೆ ಹೇಳಿದರು.

ನಾಯಿ ಹೋಗಿ ಅವನ ಪಕ್ಕ ಕುಳಿತಿತು. ಮುಂದೆ ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ.

ಬಾಗಿಲಿಗೆ ಬಂದ ಜೀವಕ್ಕೆ ತುತ್ತು ಹಾಕದಿರುವುದು ನಮ್ಮ ಕಡೆಯ ಒಕ್ಕಲುತನದವರಿಗೆ ಉಪವಾಸಕ್ಕಿಂತ ಕಷ್ಟ. ಅವನ ಕೈ ತಾನಾಗಿ ರೊಟ್ಟಿ ಮುರಿದು ನಾಯಿಯ ಮುಂದೆ ಹಿಡಿಯಿತು. ನಾಯಿ ಮುಖ ತಿರುಗಿಸಿತು. ಇನ್ನೊಮ್ಮೆ ಹಿಡಿದ. ಇನ್ನೊಮ್ಮೆ ತಿರುಗಿಸಿತು.

“ಯಾಕೋ, ನನ್ನ ಕೈಯಾಗಿಂದು ನೀನೂ ಒಲ್ಲಿ ಏನು?” ಅಂದ.

ನಾನಿನ್ನೂ ‘ಹೂಂ’ ಅಂದಿರಲಿಲ್ಲ; ನಾನು ಕಲಿಸಿದ ಶಿಸ್ತಿನ ಬಗ್ಗೆ ನನಗೇ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಅವನು ನನ್ನ ಕಡೆ ತಿರುಗಿದ. “ಡಾಕ್ಟರ್ರ, ಇದಕ್ಕ ಆರಾಮ ಇಲ್ಲೇನ್ರಿ?”

ಸೇವೆಯುದ್ದಕ್ಕೂ ಒಂದು ಸುಳ್ಳು ಸರ್ಟಿಫಿಕೇಟನ್ನೂ ಬರೆಯದ ನಾನು ಅಂದು ಬಾಯಿಂದಲೇ ಒಂದನ್ನು ಕೊಟ್ಟೆ. “ಆರಾಮ ಐತೋ ತಮ್ಮಾ. ಜೋಡಿ ಯಾರರ ಉಂಡ್ರಷ್ಟ ಉಣ್ಣತೈತಿ.”

ಹಿಂದೊಮ್ಮೆ ಅವನ ಎತ್ತನ್ನು ಉಳಿಸಿದ್ದೆ, ಹಾಗಾಗಿ ನಂಬಿದ. ರೊಟ್ಟಿಯ ಚೂರನ್ನು ಸ್ವಲ್ಪ ಹೊತ್ತು ನೋಡಿ ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ನಾಯಿಗೆ ಹಿಡಿದ. ನಾನು ಮೆಲ್ಲಗೆ ಹೂಂಗುಟ್ಟಿದೆ, ನಾಯಿ ತಿಂದಿತು. ಅವನಿಗೊಂದು ತುತ್ತು, ನಾಯಿಗೊಂದು ತುತ್ತು. ಪುರಾಣ ಕೇಳಲು ಕುಳಿತವರಂತೆ ನಾನು ಹೂಂಗುಡುತ್ತಲೇ ಇದ್ದೆ.

ತಾಟು ಖಾಲಿಯಾಯಿತು, ಇನ್ನೊಂದು ರೊಟ್ಟಿ ತರಿಸಿದರು. ಅವನನ್ನು ದವಾಖಾನೆಗೆ ಒಯ್ಯಲಿಲ್ಲ.