ಕಾಲು ನೆಲ ಮುಟ್ಟಿದ ಮೇಲೆ ಸೀಟಿ

ಕಂಡಕ್ಟರ್ ಕಾಕಾರ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಚರ್ಮದ ಚೀಲ ಜಗ್ಗಿದ ಗುರುತು ಅದು. ಮೂಡಲಗಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ನಿವೃತ್ತಿಯಾದ ಮೇಲೂ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಚಹಾ ಕುಡಿಯುವಾಗಲೂ ಬಾಗಿಲ ಚೌಕಟ್ಟು ಹಿಡಿದು, ಕಾಲು ಅಗಲಿಸಿ ನಿಂತಿರುತ್ತಿದ್ದರು, ಮನೆಯೇ ಎಲ್ಲಿ ಬ್ರೇಕ್ ಹಾಕೀತೋ ಎಂಬಂತೆ. "ಕುಂದರ್ರಿ ಕಾಕಾ" ಎಂದರೆ, "ಕುಂತ್ರ ಜೀವಕ್ಕ ಸಮಾಧಾನ ಇಲ್ಲೋ ತಮ್ಮಾ" ಎನ್ನುವರು. ನನಗೂ ಅದೇ ರೋಗ. ಅದಕ್ಕೇ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತ್ತು.

ಗೋಕಾಕ, ಹುಕ್ಕೇರಿ ಕಡೆ ಓಡಾಡುವವರಿಗೆಲ್ಲ ಅವರ ಒಂದು ಹಟ ಗೊತ್ತಿತ್ತು. ಇಳಿಯುವವರ ಎರಡೂ ಕಾಲು ನೆಲಕ್ಕೆ ಹತ್ತುವ ತನಕ ಸೀಟಿ ಊದುತ್ತಿರಲಿಲ್ಲ. ಡ್ರೈವರ್ ಗೊಣಗಿದರೆ ಒಂದೇ ಮಾತು: "ಕಾಲು ನೆಲಾ ಮುಟ್ಟಿಂದನ ಸೀಟಿ."

ಅವರ ಒಬ್ಬಳೇ ಮಗಳು, ಮಿಲಿಟರಿಯಲ್ಲಿದ್ದ ಗಂಡನ ಜೊತೆ ಕಾರ್ ನಿಕೋಬಾರ್ ದ್ವೀಪದಲ್ಲಿದ್ದಳು. ಏಳು ತಿಂಗಳ ಬಸುರಿ. ಒಂದು ಮುಂಜಾನೆ ಅಳಿಯನ ಫೋನು ಬಂತು. ಅವಳಿಗೆ ರಕ್ತ ಹೋಗುತ್ತಿದೆ, ಸಣ್ಣ ವಿಮಾನದಲ್ಲಿ ಪೋರ್ಟ್ ಬ್ಲೇರ್‌ನ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ, ಇಳಿಯುವ ತನಕ ಫೋನು ಹತ್ತುವುದಿಲ್ಲ ಎಂದ. ಕಾಕಾ ನಮ್ಮ ಮನೆಗೆ ಓಡಿ ಬಂದರು.

"ಎಷ್ಟು ದೂರ ಐತಿ, ಮೊಬೈಲ್‌ನ್ಯಾಗ ನೋಡೋ."

ನೋಡಿದೆ. "ಇನ್ನೂರೆಪ್ಪತ್ತೈದು ಕಿಲೋಮೀಟರ್ ಆಜೂಬಾಜು ಐತ್ರಿ. ಒಂದು ತಾಸು."

"ನಡುವ ಯಾವ್ಯಾವ ಊರು?"

"ಊರು ಎಲ್ಲೀವ್ರಿ ಕಾಕಾ, ಬರೇ ನೀರು."

ಅವರ ಮುಖ ಕಪ್ಪಿಟ್ಟಿತು. "ಇಳ್ಯಾಕ ಒಂದು ಸ್ಟಾಪರ ಬ್ಯಾಡೇನೋ!" ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿ ನನ್ನ ರಟ್ಟೆ ಹಿಡಿದರು. "ಗೋಕಾಕಕ್ಕೂ ಒಂದ ತಾಸು. ಆಕಿ ಹೊಂಟಾಳಂದ್ರ ನಾನೂ ಹೊಂಟೆ. ನಡಿ."

ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಆದರೂ ಹೋದೆ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದವು. ಕಾಕಾ ಕಂಬ ಹಿಡಿದು ನಿಂತರು. ಒಂದೊಂದು ಸ್ಟಾಪಿಗೂ ಸಮುದ್ರವನ್ನು ಅಷ್ಟಷ್ಟು ದಾಟಿಸುತ್ತ ಬಂದರು. "ಕಲ್ಲೋಳಿ ಬಂತು. ಆಕಿ ಅರ್ಧಾ ದಾಟಿರ್ತಾಳ." ಅಲ್ಲಿಂದ ಸ್ವಲ್ಪ ಮುಂದೆ ಕಬ್ಬಿನ ಟ್ರಾಕ್ಟರ್ ಅಡ್ಡ ನಿಂತಿತ್ತು. ಬಸ್ಸು ನಿಂತಿತು. ಕಾಕಾ ಚೀರಿದರು, "ನಿಂದ್ರಸಬ್ಯಾಡ್ರಿ! ನನ್ನ ಮಗಳು ನೀರಿನ ಮ್ಯಾಲ ಅದಾಳ್ರಿ!" ಜನ ತಿರುಗಿ ತಿರುಗಿ ನೋಡಿದರು. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು.

ಗೋಕಾಕದಲ್ಲಿ ಇಳಿದು ಸ್ಟ್ಯಾಂಡಿನ ತುಂಬ ಕಾಲು ತಾಸು ಅಡ್ಡಾಡಿದ ಮೇಲೆ ಫೋನು ಬಂತು. ಕಾಕಾ ಕೇಳಿದ್ದು ಒಂದೇ: "ನೆಲಾ ಮುಟ್ಟಿದ್ರೇನ್ರಿ ಅಳಿಯಾರ?"

ಮಗಳು ಉಳಿದಳು. ಹೊಟ್ಟೆಯಲ್ಲಿದ್ದ ಮೊಮ್ಮಗಳೂ ಉಳಿದಳು.

ಹೋದ ವರ್ಷ ಕಾಕಾ ಬಾಗಿಲಲ್ಲಿ ನಿಂತಲ್ಲೇ ಕುಸಿದು ತೀರಿಕೊಂಡರು. ನಮ್ಮ ಲಿಂಗಾಯತರಲ್ಲಿ ಕೂಡಿಸಿಯೇ ಮಣ್ಣು ಮಾಡುವುದು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದಾಗ, ಅವರು ಕೂತದ್ದನ್ನು ಮೊದಲ ಸಲ ನೋಡಿದೆ. ನೋಡಲಾಗಲಿಲ್ಲ. ಮರುದಿನ ಮಧ್ಯಾಹ್ನವಾದರೂ ಮಗಳು ಇನ್ನೂ ದಾರಿಯಲ್ಲಿದ್ದಳು. "ಹೊತ್ತಾತು, ಎತ್ತೂಣು" ಎಂದು ಹಿರಿಯರು ಎದ್ದರು. ಮದುವೆ ಮನೆಯಲ್ಲೂ ಅಕ್ಷತೆ ಬೀಳುವ ತನಕವೂ ಕಾಯದೆ ಎದ್ದು ಓಡುವ ಮನುಷ್ಯ ನಾನು. ಅವತ್ತು ಹೋಗಿ ಬಾಗಿಲಿಗೆ ಅಡ್ಡ ನಿಂತೆ, ಚೌಕಟ್ಟು ಹಿಡಿದು.

"ತಡೀರಿ. ಆಕಿ ಇನ್ನೂ ವಿಮಾನದಾಗ ಅದಾಳ. ಕಾಲು ನೆಲಾ ಮುಟ್ಲಿ."

ಹಿರಿಯರು ಗೊಣಗುತ್ತ ಮತ್ತೆ ಕೂತರು. ಅವಳು ಬರುವ ತನಕ ನಾನು ನಿಂತೇ ಇದ್ದೆ.