ಲೇನಸೇ ಟೀಚರ್ ಇಡೀ ಊರನ್ನು ಕರೆದೊಯ್ದದ್ದು

ಎಫಾಟೆ ದ್ವೀಪದ ನಮ್ಮ ಊರಲ್ಲಿ ಮೂರನೇ ತರಗತಿ ದಾಟಿದ ಯಾರನ್ನೇ ಕೇಳಿ, ಇಂಗ್ಲಿಷಿನ ‘ಹೋಲ್’ ಅಂದರೆ ಏನೆಂದು ತಡವರಿಸದೆ ಹೇಳುತ್ತಾರೆ. ಅದು ಲೇನಸೇ ಟೀಚರ್ ಮಾಡಿದ ಕೆಲಸ. ನಾನೂ ಅವರ ಕೈಯಲ್ಲಿ ಕಲಿತವಳು, ಸಾಲದ್ದಕ್ಕೆ ಪಕ್ಕದ ಮನೆಯವಳು.

ನಮ್ಮ ಬಿಸ್ಲಾಮಾ ಮಾತಿನಲ್ಲಿ ‘ಓಲ್ಗೆಟಾ’ ಅಂದುಬಿಟ್ಟರೆ ಸಾಕು. ಎಲ್ಲರೂ ಅನ್ನಲಿಕ್ಕೂ ಅದೇ, ಎಲ್ಲವೂ ಅನ್ನಲಿಕ್ಕೂ ಅದೇ, ಸುಮ್ಮನೆ ‘ಅವರು’ ಅನ್ನಲಿಕ್ಕೂ ಅದೇ. ಇಂಗ್ಲಿಷಿನಲ್ಲಿ ಹೀಗೆ ನಡೆಯುವುದಿಲ್ಲವೆಂದು ಟೀಚರ್ ಮೇಜಿನ ಮೇಲೆ ದೀವಿಹಲಸಿನ ಕಾಯಿಗಳನ್ನು ತಂದಿಡುತ್ತಿದ್ದರು. ಕತ್ತಿ ತಾಗದ ಒಂದು ಇಡೀ ಕಾಯಿ ‘ಹೋಲ್’. ಬುಟ್ಟಿಯಲ್ಲಿರುವ ಅಷ್ಟೂ ಕಾಯಿ, ಒಂದನ್ನೂ ಬಿಡದೆ, ‘ಆಲ್’. ಮುಚ್ಚಳ, ಪಾತ್ರೆ, ಸೌಟು ಯಾವುದೂ ಕಳೆದುಹೋಗದ ಅಡುಗೆ ಸಾಮಾನು ‘ಕಂಪ್ಲೀಟ್’. ತೂತಿಗೂ ಇಂಗ್ಲಿಷಿನಲ್ಲಿ ‘ಹೋಲ್’ ಎಂದೇ ಉಚ್ಚಾರವೆಂದು ತಿಳಿದ ದಿನ ನನ್ನ ಗೆಳತಿ ಎದ್ದು ನಿಂತು, ತನ್ನ ಲಂಗದಲ್ಲೊಂದು ಹೋಲ್ ಇದೆ, ಹಾಗಾದರೆ ಅದು ಹೋಲ್ ಲಂಗವೇ ಎಂದು ಕೇಳಿದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಟೀಚರ್ ಮಾತ್ರ ಲಂಗವನ್ನು ಹತ್ತಿರ ಬಂದು ನೋಡಿ, ಅಲ್ಲ ಅಂದರು. ಮಾತಿನ ವಿಷಯದಲ್ಲಿ ಅವರು ಹಾಗೆ. ಆಡಿದ ಮಾತಿಗೆ ಅದರದ್ದೇ ಅರ್ಥ, ಬೇರೆಯದಲ್ಲ.

ಹೋದ ವರ್ಷ ಗ್ಲೆಂಡಾ ಎಂಬ ಆಸ್ಟ್ರೇಲಿಯಾದ ಹೆಂಗಸು ಮಗಳ ಮದುವೆಗೆಂದು ನಮ್ಮ ಕಡಲ ದಂಡೆಯ ಅತಿಥಿಗೃಹ ಹಿಡಿದರು. ಹಾಡಲು ನಮ್ಮ ಇಗರ್ಜಿಯ ಹೆಂಗಸರನ್ನು ಕೇಳಿಕೊಂಡರು. ಅಭ್ಯಾಸದಲ್ಲಿ ಹಾಡು ಕೇಳಿ ಅವರ ಕಣ್ಣು ತುಂಬಿತು. ಹಾಡುತ್ತಿದ್ದ ಟೀಚರ ಕೈ ಹಿಡಿದು, ಊಟಕ್ಕೂ ನಿಲ್ಲಬೇಕು, ‘ಹೋಲ್ ವಿಲೇಜ್’ ಕರೆದುಕೊಂಡು ಬನ್ನಿ ಅಂದರು.

ಮನೆಯಲ್ಲಿ ಟೀಚರ ಗಂಡ ಕಲ್ಮೆಟ್ ಇದನ್ನು ಕೇಳಿ ನಕ್ಕರು.

“ಬಾಯಿಮಾತಿಗೆ ಅಂದಿರ್ತಾರೆ ಕಣೇ. ಹಾಡೋರು ಹೋದ್ರೆ ಸಾಕು.”

“ಹೋಲ್ ಅಂದ್ರು. ಇಂಗ್ಲಿಷ್ ಅವರ ಭಾಷೆ. ಅದರ ಅರ್ಥ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.”

ಕಲ್ಮೆಟ್ ನಗು ನಿಲ್ಲಿಸಿದರು. ಇಡೀ ಊರು ಅಂದರೆ ಅದರಲ್ಲಿ ಅವರ ತಮ್ಮ ಕಲ್ಟಾಕನೂ ಬಂದ. ಇಬ್ಬರೂ ಸೇರಿ ಕೊಂಡ ದೋಣಿಯ ಮೋಟಾರು ಒಂದು ದಿನ ಸಮುದ್ರದ ಪಾಲಾಗಿತ್ತು. ಕೈಬಿಟ್ಟವನು ನೀನು ಎಂದು ಒಬ್ಬರ ಮೇಲೊಬ್ಬರು ಹಾಕಿ, ಆಮೇಲೆ ವರ್ಷಗಟ್ಟಲೆ ಮಾತಿರಲಿಲ್ಲ.

ಟೀಚರ್ ಮನೆಮನೆಗೆ ಹೋಗಿ ಕರೆದರು. ಕಲ್ಟಾಕನ ಮನೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಅವನು ಬಲೆ ಹೆಣೆಯುತ್ತಿದ್ದ, ತಲೆ ಎತ್ತಲಿಲ್ಲ.

“ಅಣ್ಣ ಬರ್ತಾನಾ?”

“ಬರ್ತಾರೆ.”

“ಹಾಗಾದ್ರೆ ನಾನು ಬರಲ್ಲ ಅತ್ತಿಗೆ.”

“ನೀನು ಬರದಿದ್ರೆ ಊರು ತುಂಡಾಗುತ್ತೆ. ತುಂಡು ಊರನ್ನ ಕರ್ಕೊಂಡು ಬಾ ಅಂತ ನನಗೆ ಯಾರೂ ಹೇಳಿಲ್ಲ.”

“ಆ ಹೆಂಗಸು ನನ್ನ ಮುಖಾನೇ ನೋಡಿಲ್ಲ.”

“ನೋಡದೇನೇ ಕರೆದಿದ್ದಾರೆ. ಅದಕ್ಕಿಂತ ಮರ್ಯಾದೆ ಬೇಕೇನೋ ನಿನಗೆ?”

ಅವನು ಬಹಳ ಹೊತ್ತು ಬಲೆಯ ಗಂಟು ಬಿಗಿದ. ಕೊನೆಗೆ, ಬರುತ್ತೇನೆ, ಆದರೆ ಎಲ್ಲರಿಗಿಂತ ಹಿಂದೆ ನಡೆಯುತ್ತೇನೆ ಅಂದ.

ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿಲ್ಲ. ಹೆಂಗಸರು ಗೆಣಸು ತುರಿದು, ತೆಂಗಿನ ಹಾಲು ಹುಯ್ದು, ಎಲೆಯಲ್ಲಿ ಸುತ್ತಿ, ಕಾದ ಕಲ್ಲಿನ ಮೇಲೆ ಲಾಪ್‌ಲಾಪ್ ಬೇಯಿಸಿದರು. ಒಂದಂತೂ ಬಾಗಿಲಿನಷ್ಟು ಅಗಲ. ಅದನ್ನು ಬಿದಿರಿನ ತಟ್ಟಿಯ ಮೇಲೆ ಹೊರಲು ಗಟ್ಟಿ ಭುಜದವರು ಬೇಕಾಗಿತ್ತು. ಟೀಚರ್ ಒಂದು ಕಡೆಗೆ ಗಂಡನನ್ನೂ ಇನ್ನೊಂದು ಕಡೆಗೆ ಮೈದುನನನ್ನೂ ನಿಲ್ಲಿಸಿದರು. ಊರ ಮುಂದೆ ಇಬ್ಬರಿಗೂ ಇಲ್ಲ ಅನ್ನಲಾಗಲಿಲ್ಲ. ಅರ್ಧ ದಾರಿ ಮೌನ. ಆಮೇಲೆ ಕಲ್ಮೆಟ್ ಬಾಯಿಬಿಟ್ಟರು.

“ನಿನ್ನ ಕಡೆ ಎತ್ತೋ, ಹಾಲು ಸೋರ್ತಿದೆ.”

“ಸೋರ್ತಿರೋದು ನಿನ್ನ ಕಡೆ. ಮೋಟಾರು ಬಿಟ್ಟ ಹಾಗೆ ಇದನ್ನೂ ಬಿಟ್ಟುಬಿಡಬೇಡ.”

ಅಲ್ಲಿಂದ ದಂಡೆಯವರೆಗೂ ಇಬ್ಬರೂ ಬೈದಾಡುತ್ತಲೇ ನಡೆದರು. ಹಿಂದೆ ಬರುತ್ತಿದ್ದ ನಾವು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆವು. ಟೀಚರ್ ಮಾತ್ರ ಏನೂ ಕೇಳಿಸದವರಂತೆ ನಡೆದರು.

ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಊರಿಗೆ ಊರೇ ಮರಳಿನ ಮೇಲೆ ಬರುವುದನ್ನು ಕಂಡು ಗ್ಲೆಂಡಾ ಬಿಳಿಚಿಕೊಂಡರು. ಕುರ್ಚಿಗಳ ಕಡೆ ನೋಡಿದರು, ಅಡುಗೆಯವನ ಕಡೆ ನೋಡಿದರು. ಲಾಪ್‌ಲಾಪಿನ ಎಲೆ ಬಿಚ್ಚಿ ಹಬೆ ಎದ್ದ ಮೇಲೆ ಅವರ ಮುಖಕ್ಕೆ ರಕ್ತ ಬಂತು. ಚಾಪೆ ಹಾಸಿದೆವು. ಮದುಮಗಳು ಚಪ್ಪಲಿ ಕಳಚಿಟ್ಟು ನಮ್ಮ ಮುದುಕಿಯರ ಜೊತೆ ಕುಣಿದಳು.

ಮರುದಿನ ಗ್ಲೆಂಡಾ ಟೀಚರ ಮನೆಗೆ ಬಂದು, ಆ ಮಾತನ್ನು ತಾನು ಖುಷಿಗೆ ಆಡಿದ್ದೆಂದು ಒಪ್ಪಿಕೊಂಡರು. ಟೀಚರ ಮುಖ ಸಣ್ಣದಾಯಿತು.

“ಹಾಗಾದ್ರೆ ನಾವು ಕರೆಯದೇ ಬಂದ ಹಾಗಾಯ್ತಾ?”

“ಇಲ್ಲ ಟೀಚರ್, ಕರೆದಿದ್ದೆ. ಎಷ್ಟು ಜನಾನ ಕರೆದೆ ಅಂತ ನನಗೇ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿದ್ದಿದ್ರೆ ಕರೀತಿರಲಿಲ್ಲ. ಆಗ ನಿನ್ನೆಯಂಥ ದಿನ ನಮಗೆ ಸಿಕ್ತಿರಲಿಲ್ಲ.”

ಟೀಚರ್ ಎದ್ದು ಚಹಾಕ್ಕಿಟ್ಟರು. ಆ ವಾರದ ಪಾಠದಲ್ಲಿ ಹೊಸದೊಂದು ಸೇರಿತು. ಇಂಗ್ಲಿಷಿನಲ್ಲಿ ಖುಷಿಗೆ ಆಡುವ ಹೋಲ್ ಕೂಡ ಇದೆ, ಅದನ್ನು ತೋರಿಸಲು ತನ್ನ ಹತ್ತಿರ ಯಾವ ಕಾಯಿಯೂ ಇಲ್ಲ ಎಂದು ಮಕ್ಕಳಿಗೆ ಹೇಳಿದರಂತೆ.

ಅಣ್ಣತಮ್ಮಂದಿರು ಈಗ ಬೆಳಗ್ಗೆ ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಾರೆ, ಮೋಟಾರಿಲ್ಲದೆ, ಹುಟ್ಟು ಹಾಕಿಕೊಂಡು. ಬೈಗುಳ ನಿಂತಿಲ್ಲ. ಅದು ದಡಕ್ಕೆ ಕೇಳತೊಡಗಿದರೆ ದೋಣಿ ಹತ್ತಿರ ಬಂತೆಂದು ಲೆಕ್ಕ, ಟೀಚರ್ ಎದ್ದು ಒಲೆ ಹೊತ್ತಿಸುತ್ತಾರೆ.