ಅತ್ತಿಗೆಯ ಮಧ್ಯಾಹ್ನದ ಕೆಲಸ

ನಮ್ಮತ್ತಿಗೆಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅಂಟಕ್ಕ ಎಂದರೆ ಸಾಕು, ಕೈ ಹಿಡಿದು ನಮ್ಮ ಬಾಗಿಲಿಗೇ ತಂದು ಬಿಡುತ್ತಾರೆ. ಬಿದ್ದು ಒಡೆದ ಪಿಟೀಲು, ಪಿಟೀಲಿನ ದೊಡ್ಡಣ್ಣನಂಥ, ಸೀಳು ಬಿಟ್ಟ ಚೆಲೋ, ಕೂದಲು ಉದುರಿದ ಕಮಾನು, ಎಲ್ಲ ಬಂದು ಸೇರುವುದು ನಮ್ಮ ಮನೆಯ ಮುಂದಿನ ಕೋಣೆಗೆ. ಅಲ್ಲಿ ಕಿಟಕಿಯ ಪಕ್ಕ ಅಪ್ಪನ ಬೆಂಚು, ಅದರ ಎದುರು ಅತ್ತಿಗೆಯ ಬೆಂಚು. ಮೂಲೆಯಲ್ಲಿ ಯಾವಾಗಲೂ ಆಳೆತ್ತರದ ಪಿಟೀಲಿನಂಥ ಒಂದು ಡಬಲ್ ಬೇಸ್ ನಿಂತಿರುತ್ತದೆ, ಎರಡು ದಿನಕ್ಕೆಂದು ಬಂದು ಹೊರಡಲೊಲ್ಲದ ನೆಂಟನ ಹಾಗೆ. ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನ್ನದು. ನನಗೆ ತಾಳ್ಮೆ ಇಲ್ಲವೆಂದು ಅಪ್ಪ ಈ ಕೆಲಸ ಕೊಟ್ಟರು. ಇದಕ್ಕೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕೆಂದು ಪಾಪ ಅವರಿಗೇನು ಗೊತ್ತು!

ಮದುವೆಯಾಗಿ ಬಂದಾಗ ಅತ್ತಿಗೆಗೆ ಪಿಟೀಲಿನ ತಲೆ ಯಾವುದು, ಬುಡ ಯಾವುದು ಎಂಬುದೂ ತಿಳಿದಿರಲಿಲ್ಲ. ಅಪ್ಪನ ಕಸುಬು ಒಗ್ಗದೆ ಅಣ್ಣ ಬಸ್ಸಿನ ಸ್ಟೀರಿಂಗ್ ಹಿಡಿದಿದ್ದ. ಒಂದು ಬೆಳಿಗ್ಗೆ ಈ ಹೊಸ ಸೊಸೆ ಅಡುಗೆಮನೆಯಿಂದ ಮೂಗರಳಿಸಿಕೊಂಡು ಓಡಿಬಂದು, ಯಾರನ್ನೂ ಕೇಳದೆ ಅಪ್ಪನ ಬೆಂಚಿನ ಪಕ್ಕದ ಒಲೆಯ ಮೇಲಿನ ಅಂಟಿನ ಪಾತ್ರೆಯನ್ನು ಇಳಿಸಿಬಿಟ್ಟಳು.

"ಏನೋ ಕುದಿಯೋ ವಾಸನೆ ಬಂತು ಮಾವ. ತಳ ಹಿಡಿದುಬಿಡುತ್ತೇನೋ ಅಂತ..."

ಅದು ಚರ್ಮ ಬೇಯಿಸಿ ತೆಗೆದ ಅಂಟು. ಬಿಸಿನೀರಿನ ನಡುವೆ ಬೆಚ್ಚಗಿರಬೇಕು, ಕುದಿಯಬಾರದು, ಕುದಿದರೆ ಅದರ ಕಸುವೇ ಹೋಗುತ್ತದೆ. ಅಪ್ಪ ಅದನ್ನು ಮರೆತು ಯಾವುದೋ ಕಮಾನಿಗೆ ಕೂದಲು ಕಟ್ಟುತ್ತ ಕುಳಿತಿದ್ದರು. ಸೊಸೆಯನ್ನೂ ಪಾತ್ರೆಯನ್ನೂ ನೋಡಿ, "ಮೂಗಿದೆ ಈ ಹುಡುಗಿಗೆ. ಕೈ ಆಮೇಲೆ ಬರುತ್ತೆ ಬಿಡು" ಎಂದರು. ಮಾರನೆಯ ದಿನವೇ ಅವಳಿಗೆ ಬೆಂಚು ಬಂತು.

ಅಪ್ಪ ಹೇಳಿಕೊಟ್ಟ ಮೊದಲ ಪಾಠ ನನಗೂ ಬಾಯಿಪಾಠ. ಸೀಳಿಗೆ ಗಟ್ಟಿ ಅಂಟು, ಮೇಲಿನ ಹಲಗೆ ಮುಚ್ಚುವುದಕ್ಕೆ ತೆಳು ಅಂಟು. ಹವೆಗೆ ಮರ ಬಿಗಿದುಕೊಂಡಾಗ ಅಂಟು ಬಿಡಬೇಕೇ ಹೊರತು ಮರ ಒಡೆಯಬಾರದು. "ನಾಳೆ ಇದನ್ನ ಇನ್ನೊಬ್ಬರು ಬಿಚ್ಚಬೇಕಾಗುತ್ತೆ. ಅವರನ್ನ ನೆನಪಲ್ಲಿಟ್ಟುಕೊಂಡು ಮುಚ್ಚು" ಎನ್ನುತ್ತಿದ್ದರು.

ವರ್ಷಗಳು ಹೋದವು. ಅತ್ತಿಗೆಯ ಕೈ ಕುದುರಿತು, ಅಪ್ಪನ ಕೈ ನಡುಗತೊಡಗಿತು. ಸೀಳು ಮತ್ತೆ ಬಾಯಿ ಬಿಡದಿರಲೆಂದು ಒಳಗಡೆ ಸಣ್ಣ ಸಣ್ಣ ಮರದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಅಪ್ಪ ಅಂಟಿಸಿದ ಬಿಲ್ಲೆಗಳು ಈಗ ಸೊಟ್ಟಗೆ ಕೂರುತ್ತಿದ್ದವು. ಹಲಗೆ ಮುಚ್ಚಿದರೆ ಒಂದು ಕಡೆ ಅಂಚು ಹೊರಗೆ ಚಾಚುತ್ತಿತ್ತು. ಅದನ್ನು ಮೊದಲು ಕಂಡವಳು ಅತ್ತಿಗೆ. ಊಟವಾಗಿ ಅಪ್ಪ ಮಲಗುವುದನ್ನೇ ಕಾದು, ಅವರು ಮುಗಿಸಿಟ್ಟಿದ್ದನ್ನು ಮೆಲ್ಲಗೆ ಬಿಚ್ಚಿ, ಸರಿಮಾಡಿ, ಮತ್ತೆ ಮುಚ್ಚಿಡುವುದು ಅವಳ ದಿನಚರಿಯಾಯಿತು.

"ಹೇಳಿಬಿಡು ಅತ್ತಿಗೆ" ಎಂದು ನಾನು ರೇಗುತ್ತಿದ್ದೆ. "ಎಷ್ಟು ದಿನ ಅಂತ ಒಂದೇ ಕೆಲಸ ಎರಡೆರಡು ಸಲ ಮಾಡ್ತೀಯ?"

"ಹೇಳಿದ ಮೇಲೆ ಮಾವ ಎಲ್ಲಿ ಕೂರ್ತಾರೆ ಪುಟ್ಟಿ? ಮನೇಲಿ ಆ ಬೆಂಚು ಬಿಟ್ಟರೆ ಅವರಿಗೆ ಬೇರೆ ಜಾಗ ಇದೆಯಾ?"

ನನ್ನ ತಲೆಗೂದಲು ಬೆಳ್ಳಗಾದರೂ ಅವಳಿಗೆ ನಾನಿನ್ನೂ ಪುಟ್ಟಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ ಅವಳದು. ನನಗೋ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಆದರೂ ಅವಳ ಮುಖ ನೋಡಿ ಅಪ್ಪನಿಗೆ ಹೇಳಲಿಲ್ಲ. ಅವಳನ್ನು ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. "ಈಚೆಗೆ ಅಂಟಿನ ಹದವೂ ತಪ್ತಿದೆ ಕಣೆ. ನೀರು ನೀರು. ಚಾಕು ಇಟ್ಟರೆ ಸಾಕು, ಬಿಟ್ಟುಕೊಳ್ಳುತ್ತೆ" ಎಂದು ಒಂದು ದಿನ ಕಣ್ಣೊರೆಸಿಕೊಂಡಳು.

ಹೀಗಿರುವಾಗ ನಮ್ಮ ಹಳೆಯ ಗಿರಾಕಿ, ಚೆಲೋ ಕಲಿಸುವ ಟೀಚರಮ್ಮ ಬಂದರು. ಕೈಜಾರಿ ಮೆಟ್ಟಿಲ ಮೇಲೆ ಬಿದ್ದು ಅವರ ಚೆಲೋದ ಹಲಗೆ ಉದ್ದಕ್ಕೂ ಸೀಳಿತ್ತು. "ನಿಮ್ಮಪ್ಪನೇ ಮಾಡಬೇಕು. ಬೇರೆಯವರ ಕೈಗೆ ಕೊಡಲ್ಲ" ಎಂದು ಹಟ ಹಿಡಿದರು. ಅಪ್ಪನ ಮುಖ ಅರಳಿತು. ಹಗಲೆಲ್ಲ ಬೆಂಚು ಬಿಟ್ಟು ಏಳದೆ ದುಡಿದರು.

ಕೊಡುವ ದಿನ ಟೀಚರಮ್ಮ ಹೇಳಿದ್ದಕ್ಕಿಂತ ಮುಂಚೆಯೇ ಬಂದು ನಿಂತುಬಿಟ್ಟರು. ಅತ್ತಿಗೆ ಮಗಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅಂಟು ಆರುವವರೆಗೆ ಚೆಲೋದ ಹಲಗೆಯನ್ನು ಅದುಮಿ ಹಿಡಿಯುವ ಹಿಡಿಕೆಗಳನ್ನೆಲ್ಲ ಬಿಚ್ಚಿ ಆಗಿತ್ತು, ಆದರೆ ಅತ್ತಿಗೆಯ ಕೈ ಅದಕ್ಕಿನ್ನೂ ತಾಕಿರಲಿಲ್ಲ. ಆ ನೀರು ಅಂಟನ್ನು ನಂಬಿ ತಂತಿ ಬಿಗಿದರೆ ಅವರ ಸಂಗೀತ ಕಛೇರಿಯ ನಡುವೆಯೇ ಹಲಗೆ ಬಾಯಿ ಬಿಡುತ್ತದೆ. ಅಪ್ಪ ಇಷ್ಟು ವರ್ಷ ಸಂಪಾದಿಸಿದ ಹೆಸರು ಅಲ್ಲಿಗೆ ಮುಗಿಯಿತು. ಕೊಡಲಾರೆನೆಂದರೆ ಯಾಕೆಂದು ಹೇಳಬೇಕು, ಅದೂ ಅಪ್ಪನ ಎದುರಿಗೇ. ರಸೀದಿ ಪುಸ್ತಕ ಹುಡುಕುವವಳ ಹಾಗೆ ನಾನು ಮೇಜಿನ ಡ್ರಾಯರು ತಡಕಾಡತೊಡಗಿದೆ.

ಅಷ್ಟರಲ್ಲಿ ಬೆಂಚಿನಿಂದ ಅಪ್ಪನೇ ಹೇಳಿದರು: "ಅಂಟು ಇನ್ನೂ ಆರಿಲ್ಲ ಟೀಚರಮ್ಮ. ನಾಳೆ ಬನ್ನಿ."

ಆರಿತ್ತು. ಆರದೆ ಹಿಡಿಕೆ ಬಿಚ್ಚುವವರಲ್ಲ ಅಪ್ಪ. ಟೀಚರಮ್ಮ ಗೊಣಗುತ್ತ ಹೋದ ಮೇಲೆ ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ.

"ಸುಳ್ಳು ಯಾಕಪ್ಪ ಹೇಳಿದ್ರಿ?"

ಅಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ನಿಮ್ಮತ್ತಿಗೆ ಇನ್ನೂ ಬಿಚ್ಚಿ ನೋಡಿಲ್ಲವಲ್ಲಮ್ಮ."

ಸೊಂಟದ ಮೇಲಿನ ಕೈ ಇಳಿಸಿದೆ. ಅಂಥ ದಿನಗಳು ನನ್ನ ಜೀವನದಲ್ಲಿ ಕಡಿಮೆ.

"ಒಂದು ಪಿಟೀಲಿಗೆ ಬಿಲ್ಲೆ ಸೊಟ್ಟಗೆ ಅಂಟಿಸಿದ್ದೆ" ಎಂದರು ಅಪ್ಪ. "ನನಗೇ ಗೊತ್ತಿತ್ತು, ಆದರೆ ಕೈ ಮಾತು ಕೇಳಲಿಲ್ಲ. ಆಮೇಲೆ ಅದೇ ಪಿಟೀಲು ತಂತಿ ಹಾಕಿಸೋಕೆ ಬಂತು. ಹಲಗೆಯ ತೂತಿನಿಂದ ಪುಟಾಣಿ ಕನ್ನಡಿ ಒಳಗಿಳಿಸಿ ನೋಡ್ತೀನಿ, ಬಿಲ್ಲೆ ನೆಟ್ಟಗೆ ಕೂತಿದೆ! ಬಿಲ್ಲೆ ಏನು ಮಗ್ಗುಲು ಬದಲಾಯಿಸುತ್ತಾ?"

"ಮತ್ತೆ ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಅವಳು ನಾಚಿಕೊಂಡು ಬಿಚ್ಚೋದು ನಿಲ್ಲಿಸ್ತಾಳೆ. ಗಿರಾಕಿಗಳ ಗತಿ?" ಎಂದು ನಕ್ಕರು. ಆಮೇಲೆ ನಗು ನಿಂತಿತು. "ನನಗೂ ಬೆಂಚು ಬಿಟ್ಟಿರೋಕೆ ಆಗಲ್ಲಮ್ಮ. ಅದಕ್ಕೇ ಅಂಟನ್ನ ಆದಷ್ಟು ತೆಳ್ಳಗೆ ಮಾಡ್ತೀನಿ. ಬಿಚ್ಚುವಾಗ ಅವಳ ಕೈಗೆ ಕಷ್ಟ ಆಗಬಾರದು."

ನನಗೆ ಅಳು ಬಂತು. ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಕಾಲಿಗೂ ಬೀಳಬೇಕೆನ್ನಿಸಿತು. "ಅವಳಿಗೆ ಹೇಳಬೇಡ" ಎಂದರು ಅಪ್ಪ. ಸರಿ, ಅದೂ ನನ್ನ ತಲೆಗೇ!

ಅತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಅಪ್ಪ ದೊಡ್ಡದಾಗಿ ಆಕಳಿಸಿ, "ಯಾಕೋ ಇವತ್ತು ಬೇಗ ನಿದ್ದೆ ಬರ್ತಿದೆ" ಎಂದು ಎದ್ದು ಒಳಕೋಣೆಗೆ ಹೋದರು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಚೆಲೋವನ್ನು ತನ್ನ ಬೆಂಚಿಗೆ ಎತ್ತಿಕೊಂಡಳು. ಅಂಚಿನ ಸಂದಿಗೆ ತೆಳು ಚಾಕು ಇಟ್ಟಳು.

"ನೋಡೇ ಪುಟ್ಟಿ, ಇದಕ್ಕೂ ನೀರು ಅಂಟೇ. ಪಾಪ ಮಾವ" ಎಂದು ಪಿಸುಗುಟ್ಟಿದಳು.

"ಹೂಂ, ಪಾಪ" ಎಂದೆ.

ಒಳಕೋಣೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಚಾಕು ಸರಿಯಿತು, ಟಕ್ ಎಂದು ಹಲಗೆ ಬಿಟ್ಟುಕೊಂಡಿತು. ಆಗ ಒಳಗಿನ ಮಂಚ ಕಿರುಗುಟ್ಟಿತು. ಅಪ್ಪ ಮಗ್ಗುಲಾಗಿ, ನಿಜವಾಗಿಯೂ ಗೊರಕೆ ಹೊಡೆಯತೊಡಗಿದರು.